ಬಟನ್ ಅಕ್ಕನ ರನ್‌ವೇ

ಬೆಳಕು ಇನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ. ವಾಯುನೆಲೆಯ ಮೂರು ಕಿಲೋಮೀಟರ್ ಉದ್ದದ ರನ್‌ವೇ ಮಂಜಿನಲ್ಲಿ ಎಲ್ಲಿಗೋ ಹೋಗಿ ಕರಗಿದೆ. ಅದರ ಮೇಲೆ ಹನ್ನೆರಡು ಮಂದಿ ಸಾಲಾಗಿ, ತಲೆ ತಗ್ಗಿಸಿ, ನಿದ್ದೆಯಲ್ಲಿ ನಡೆಯುವವರಂತೆ ಬರುತ್ತಿದ್ದಾರೆ. ನಡುವಿನಲ್ಲಿರುವ ಬಟನ್ ಅಕ್ಕ ಥಟ್ಟನೆ ಬಗ್ಗಿ ಕಡಲೆಕಾಳಿನಷ್ಟು ಕಲ್ಲೊಂದನ್ನು ಹೆಕ್ಕಿ ಚೀಲಕ್ಕೆ ಹಾಕುತ್ತಾರೆ.

"ಇಷ್ಟೇ ಸಾಕು ವಿಮಾನದ ಹೊಟ್ಟೆ ಕೆಡೋಕೆ," ಎನ್ನುತ್ತಾರೆ.

ಯುದ್ಧವಿಮಾನದ ಎಂಜಿನ್ ಎದುರಿನ ಗಾಳಿಯನ್ನು ಹೀರಿ, ಒತ್ತಿ, ಇಂಧನ ಬೆರೆಸಿ ಉರಿಸಿ ಹಿಂದಕ್ಕೆ ಉಗುಳುತ್ತದೆ. ಆ ರಭಸಕ್ಕೆ ವಿಮಾನ ನೆಟ್ಟಗೆ ಮೇಲೇರಬಲ್ಲದು, ತನ್ನ ಸದ್ದನ್ನೇ ಹಿಂದೆ ಬಿಟ್ಟು ಹಾರಬಲ್ಲದು. ಗಾಳಿಯ ಜೊತೆ ಕಲ್ಲೊಂದು ಒಳಹೊಕ್ಕರೆ ಮಾತ್ರ ಒಳಗೆ ತಿರುಗುವ ಅಲಗುಗಳು ಮುರಿದು ಎಲ್ಲವೂ ಮುಗಿದಂತೆ. ಅಷ್ಟು ಆರ್ಭಟದ ಯಂತ್ರಕ್ಕೆ ಕಡಲೆಕಾಳಿನ ಭಯ!

ಹೀಗಾಗಿ ಇಲ್ಲಿ ಬಳೆ, ಪಿನ್ನು ನಿಷಿದ್ಧ. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಅಂಗಿಯ ಗುಂಡಿ ಎಣಿಸುತ್ತಿದ್ದರು. ಒಂಬತ್ತು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹತ್ತನೇ ದಿನ, ಗೇಟಿನ ಹತ್ತಿರ ಬಂದಾಗ ಅಕ್ಕನ ಅಂಗಿಯ ನಾಲ್ಕನೇ ಗುಂಡಿ ಇರಲಿಲ್ಲ. ಎಣಿಸುವವನು ಇನ್ನೂ ನೋಡಿರಲಿಲ್ಲ. ಎರಡು ವಿಮಾನ ಆಗಲೇ ಗುಡುಗುತ್ತಾ ನಿಂತಿದ್ದವು. ಕಣ್ಣಿನ ಆಪರೇಷನ್ ಆಗಿ ದರ್ಜಿ ಗಂಡ ಮನೆಯಲ್ಲಿ ಕೂತಿದ್ದ ಕಾಲ. ಈ ಕೆಲಸ ಹೋದರೆ ಒಲೆ ಉರಿಯುವಂತಿರಲಿಲ್ಲ.

"ಸೆರಗು ಮುಚ್ಕೊಂಡು ಬಂದುಬಿಡಬಹುದಿತ್ತು. ಆದ್ರೆ ವಿಮಾನದೊಳಗೆ ಕೂತಿರೋದು ಯಾರೋ ಹೆತ್ತ ಮಗು ಅಲ್ವಾ?"

ಕೈ ಬೀಸುತ್ತಾ ಮೇಸ್ತ್ರಿಯ ಬಳಿಗೆ ಓಡಿದರು. ಎಂಜಿನ್‌ಗಳು ನಿಂತವು. ಒಂದು ಗಂಟೆ ಹುಡುಕಿದ ಮೇಲೆ, ವಿಮಾನ ಓಡಬೇಕಿದ್ದ ಹಾದಿಯಲ್ಲೇ, ಕಾಂಕ್ರೀಟಿನ ಬಿರುಕಿನಲ್ಲಿ ಗುಂಡಿ ಸಿಕ್ಕಿತು. ಕೆಲಸ ಹೋಯಿತೆಂದು ಅಕ್ಕ ಚೀಲ ಕೆಳಗಿಡುತ್ತಿದ್ದರೆ, ಏಣಿ ಇಳಿದು ಬಂದ ಪೈಲಟ್ ಗುಂಡಿಯನ್ನು ಅವರ ಅಂಗೈಯಲ್ಲಿಟ್ಟು, "ನಾಳೇನೂ ನೀವೇ ಬನ್ನಿ, ಅಕ್ಕಾ" ಎಂದನಂತೆ. ಹೆಸರು ಅಂಟಿಕೊಂಡಿದ್ದು ಆವತ್ತೇ.

ಆ ಗುಂಡಿ ಹೊಲಿದಿದ್ದ ಗಂಡ ಈಗಲೂ ತಪ್ಪು ನೂಲಿನದು ಎಂದೇ ವಾದಿಸುತ್ತಾನೆ. ಆದರೂ ಹನ್ನೆರಡೂ ಮಂದಿಯ ಅಂಗಿಗೆ ಈಗ ಗುಂಡಿ ಬದಲು ಕಟ್ಟುವ ಲಾಡಿ ಹೊಲಿದುಕೊಡುವವನು ಅವನೇ.

"ಕನಸಲ್ಲಿ ರನ್‌ವೇ ಆಕಾಶಕ್ಕೆ ಏರ್ತಾ ಇರತ್ತೆ. ನಾನು ಬಗ್ಗಿ ಬಗ್ಗಿ ಚುಕ್ಕಿ ಹೆಕ್ತಾ ಇರ್ತೀನಿ. ರಿಟೈರ್ ಆದ್ಮೇಲೆ ಒಂದು ದಿನ ಹುಲ್ಲಿನ ಮೇಲೆ ಅಂಗಾತ ಮಲಗಿ, ವಿಮಾನ ಹಾರೋದನ್ನ ಕಣ್ತುಂಬಾ ನೋಡ್ಬೇಕು," ಎನ್ನುತ್ತಾರೆ ಅಕ್ಕ.

ಇವತ್ತು ಎರಡು ವಿಮಾನ ಹಾರಿ ಹೋಗಿವೆ. ಶೆಡ್ಡಿನಲ್ಲಿ ಅಕ್ಕ ಬುತ್ತಿ ಬಿಚ್ಚದೆ ಕೂತಿದ್ದಾರೆ. ದೂರದಲ್ಲಿ ಒಂದು ವಿಮಾನ ಇಳಿದ ಸದ್ದು ಕೇಳುತ್ತದೆ. ಅವರ ಕೈ ಇನ್ನೂ ಬುತ್ತಿಗೆ ಹೋಗುವುದಿಲ್ಲ. ಎರಡನೆಯದೂ ಇಳಿಯುತ್ತದೆ.

"ಇಬ್ರೂ ಬಂದ್ರು," ಎನ್ನುತ್ತಾ ಮುಚ್ಚಳ ತೆರೆಯುತ್ತಾರೆ.