ಕೂರಬೇಡ ಎಂದ ಮಿಸ್

ಕನ್ನಡಕ ತೆಗೆದರೆ ನಮ್ಮ ಸೈನ್ಸ್ ಮಿಸ್ಸಿನ ಮೂಗಿನ ಎರಡೂ ಪಕ್ಕ ಕೆಂಪು ಗುಳಿ ಕಾಣುತ್ತಿತ್ತು. ತೆಗೆದರೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದರ್ಥ. ಚಾಮರಾಜಪೇಟೆಯ ನಮ್ಮ ಕಾನ್ವೆಂಟಿನಲ್ಲಿ ಅವರನ್ನು ಇಷ್ಟಪಟ್ಟವರು ಯಾರೂ ಇರಲಿಲ್ಲ, ನಾನಂತೂ ಅಲ್ಲ. "ನಿನ್ನ ಜಡೆಗಿರೋ ಉದ್ದ ನಿನ್ನ ಉತ್ತರಕ್ಕಿಲ್ಲ" ಎಂದು ಇಡೀ ಕ್ಲಾಸಿನೆದುರು ಅಂದವರು ಅವರು.

ಐವತ್ತರ ದಶಕದ ಮೊದಲ ವರ್ಷಗಳು. ಹೈಸ್ಕೂಲು ಮುಗಿಸುವ ಹುಡುಗಿಯರಿಗೆ ತಮ್ಮ ಕಾಲೇಜಿನ ವಿಚಾರ ಹೇಳಲು ಬೇರೆಬೇರೆ ಕಾಲೇಜುಗಳಿಂದ ಒಬ್ಬೊಬ್ಬರೇ ಮೇಷ್ಟ್ರು ಬರುತ್ತಿದ್ದರು. ಹೆಡ್‌ಮಿಸ್ಟ್ರೆಸ್ ಆಗಿದ್ದ ಮದರ್ ನಮಗೊಂದು ಕ್ರಮ ಕಲಿಸಿದ್ದರು: ಎದ್ದು ಪ್ರಶ್ನೆ ಕೇಳಬೇಕು, ಉತ್ತರ ಏನೇ ಬರಲಿ "ಥ್ಯಾಂಕ್ ಯೂ ಸರ್" ಎಂದು ಕೂರಬೇಕು. ನಾವು ಕೇಳುತ್ತಿದ್ದುದೂ ಅಂಥವೇ. ಕಾಲೇಜಿನಲ್ಲಿ ಹೂದೋಟ ಇದೆಯೇ, ಆಟಕ್ಕೆ ಬಿಡುತ್ತಾರೆಯೇ.

ಅಂಥ ಒಬ್ಬ ಮೇಷ್ಟ್ರು ಬರುವ ಹಿಂದಿನ ದಿನ ಮಿಸ್ ಕನ್ನಡಕ ತೆಗೆದರು. "ಹೂ ನೋಡಕ್ಕೆ ಲಾಲ್‌ಬಾಗಿಗೆ ಹೋಗಿ. ನಾಳೆ ನಿಮಗೆ ಬೇಕಾದ್ದು ಕೇಳಿ. ಉತ್ತರ ಬರೋವರೆಗೂ ಕೂರ್ಬೇಡಿ."

ನನಗೆ ಬೇಕಾಗಿದ್ದುದು ಕೆಮಿಸ್ಟ್ರಿ. ಬಸವನಗುಡಿಯ ನಮ್ಮ ಮನೆಗೆ ಹತ್ತಿರವೆಂದು ಅಪ್ಪ ಆ ಮೇಷ್ಟ್ರ ಕಾಲೇಜನ್ನೇ ಹೆಚ್ಚುಕಡಿಮೆ ಗೊತ್ತುಮಾಡಿದ್ದರು. ದೂರದ ಹೆಣ್ಣುಮಕ್ಕಳ ಕಾಲೇಜಿಗೆ ಬಸ್ಸು ಹತ್ತಿಸಲು ಅವರಿಗೆ ಮನಸ್ಸಿರಲಿಲ್ಲ.

ಮರುದಿನ ಜರಿಪೇಟದ ಆ ಮೇಷ್ಟ್ರು ಬಂದು ಮಾತು ಮುಗಿಸಿದ ಮೇಲೆ ಎದ್ದು ಕೇಳಿದೆ: "ಲ್ಯಾಬಿನಲ್ಲಿ ಹುಡುಗಿಯರೇ ಪ್ರಯೋಗ ಮಾಡುತ್ತಾರಾ ಸರ್?"

ಎಲ್ಲ ಅನುಕೂಲವೂ ಇದೆ ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕರು. "ಥ್ಯಾಂಕ್ ಯೂ" ಎನ್ನುತ್ತ ನಾನು ಅರ್ಧ ಕೂತಾಗಿತ್ತು.

"ಕೂರ್ಬೇಡ," ಹಿಂದಿನಿಂದ ಮಿಸ್ಸಿನ ದನಿ. "ಅದು ಉತ್ತರ ಅಲ್ಲ. ಮತ್ತೆ ಕೇಳು."

ಮತ್ತೆ ಕೇಳಿದೆ. ಮೇಷ್ಟ್ರು ಕನ್ನಡಕ್ಕೆ ಇಳಿದರು. "ನಾಳೆ ಸಾರು ಕುದಿಸೋಳಿಗೆ ಆಸಿಡ್ ಯಾಕಮ್ಮ?"

ಯಾರೋ ಕಿಸಕ್ಕೆಂದರು. ಮದರ್ ಮುಖ ಬಿಗಿಯಿತು.

"ಸಾರಿನ ವಿಷಯ ಅವಳು ಕೇಳ್ಲಿಲ್ಲ ಸ್ವಾಮಿ," ಎಂದರು ಮಿಸ್. "ಮಾಡ್ತಾರಾ, ನೋಡ್ತಾರಾ?"

"ನೋಡ್ತಾರೆ. ಹಿಂದೆ ನಿಂತು ನೋಡ್ತಾರೆ. ಹುಡುಗರಿಗೇ ಜಾಗ ಸಾಲಲ್ಲ ಅಲ್ಲಿ."

"ಈಗ ಥ್ಯಾಂಕ್ಸ್ ಹೇಳಿ ಕೂತ್ಕೋ," ಎಂದರು ಮಿಸ್ ನನಗೆ.

ಮೇಷ್ಟ್ರು ಕಾಫಿ ಮುಟ್ಟದೆ ಹೋದರು. ವರಾಂಡದಲ್ಲಿ ಮದರ್ ಮಿಸ್ಸನ್ನು ಬೈದದ್ದು ನಮಗೆಲ್ಲ ಕೇಳಿಸಿತು. ಮುಂದಿನ ಟರ್ಮಿಗೆ ಅವರನ್ನು ಚಿಕ್ಕ ಮಕ್ಕಳ ಕ್ಲಾಸಿಗೆ ಹಾಕಿದರು. ನನ್ನಿಂದ ಹೀಗಾಯಿತೆಂದು ಮಿಸ್ಸಿಗೆ ಹೇಳಹೋದರೆ "ನಿನ್ನಿಂದ ಏನೂ ಆಗಿಲ್ಲ, ಅಷ್ಟೊಂದು ದೊಡ್ಡೋಳಲ್ಲ ನೀನು" ಎಂದರು.

"ನಿಂತು ನೋಡಕ್ಕೆ ಕಾಲೇಜು ಯಾಕೆ?" ಎಂದು ಅಪ್ಪ ಬಸ್ಸಿಗೆ ಒಪ್ಪಿದರು. ಇಂಟರ್‌ಮೀಡಿಯೆಟ್ ಪಾಸಾಗಿ, ಹಣ್ಣು ಹೂವು ಹಿಡಿದು ಮಿಸ್ಸಿನ ಮನೆಗೆ ಹೋದೆ. ಬಾಗಿಲಲ್ಲೇ ತೆಗೆದುಕೊಂಡರು, ಒಳಗೆ ಕರೆಯಲಿಲ್ಲ. "ಬಿಸಿಲೇರ್ತಿದೆ, ಹೋಗು."

ಮದುವೆಯಾಯಿತು, ಸಾರನ್ನೂ ಕುದಿಸಿದೆ. ಮಿಸ್ ತೀರಿಕೊಂಡ ಸುದ್ದಿ ಬಂದಾಗ ಅಳು ಬರಲಿಲ್ಲ. ಅವರ ಮೇಲೆ ಪ್ರೀತಿ ಇತ್ತೆಂದು ಇವತ್ತೂ ಹೇಳಲಾರೆ. ಆದರೆ ಎರಡು ವರ್ಷ ಹೆಣ್ಣುಮಕ್ಕಳ ಕಾಲೇಜಿನ ಲ್ಯಾಬಿನಲ್ಲಿ ಆಸಿಡ್ಡನ್ನು ಹನಿಹನಿಯಾಗಿ ಬಿಟ್ಟು, ಒಂದೇ ಹನಿಗೆ ಗುಲಾಬಿ ಬಣ್ಣ ಮಾಯವಾಗುವುದನ್ನು ಕಂಡೆ. ಬಿಟ್ಟದ್ದು ನನ್ನ ಕೈ. ಅಷ್ಟನ್ನು ಹೇಳಲೆಂದೇ ಆ ಬಾಗಿಲಿಗೆ ಹೋಗಿದ್ದೆ.