ಹದಿನಾರು ಕಿಲೋ ಕಡಿಮೆ

ಆ ಮನೆಗೆ ಮೊದಲ ಸಲ ಬಂದವರು ಮುಂದಿನ ಕೋಣೆಯ ಸೋಫಾದಲ್ಲಿ ಕೂತ ಕೂಡಲೇ ಒಂದು ಸಲ ಸುತ್ತ ನೋಡುತ್ತಿದ್ದರು. ಮೊಣಕಾಲು ಎದೆಮಟ್ಟಕ್ಕೆ ಬರುತ್ತಿತ್ತು, ಬೆನ್ನು ತಾನಾಗಿಯೇ ಹಿಂದಕ್ಕೆ ವಾಲುತ್ತಿತ್ತು. ಅದು ಹಳೇ ಕಾರಿನ ಹಿಂದಿನ ಸೀಟು. ಮರದ ಚೌಕಟ್ಟಿಗೆ ನಾಲ್ಕು ಸ್ಕ್ರೂ ಹೊಡೆದು ಕೂರಿಸಿದ್ದರು. ಬಗ್ಗಿ ನೋಡಿದರೆ ಅಡಿಯಲ್ಲಿ ಒಂದು ಚೀಟಿ ಅಂಟಿತ್ತು: ೧೭.೪.

ಚೀಟಿ ಅಂಟಿಸಿದವನು ಮನೆಯ ಯಜಮಾನ. ಅವನದು ತಕ್ಕಡಿ ರಿಪೇರಿ ಅಂಗಡಿ. ಮೂರು ಮಾರುಕಟ್ಟೆಗಳ ಅಂಗಡಿಯವರಿಗೆಲ್ಲ ಅವನು ತಕ್ಕಡಿಯಣ್ಣ. ಯಾರದ್ದಾದರೂ ತೂಕದಲ್ಲಿ ಐದು ಗ್ರಾಂ ಹೆಚ್ಚುಕಮ್ಮಿಯಾದರೆ ಅವನ ಮುಖ ಹುಳಿ ತಿಂದ ಹಾಗಾಗುತ್ತಿತ್ತು. ತೂಗದೆ ಯಾವ ಮಾತನ್ನೂ ನಂಬುವವನಲ್ಲ. ‘ಅಂದಾಜು’ ಅನ್ನುವುದು ಅವನ ಮಟ್ಟಿಗೆ ಬೈಗುಳಕ್ಕೆ ಸಮ.

ಅಂಥವನಿಗೆ ಐವತ್ತೊಂದನೆಯ ವಯಸ್ಸಿನಲ್ಲಿ ಕಾರು ರೇಸಿನ ಹುಚ್ಚು ಹಿಡಿಯಿತು. ಭಾವನ ಕಾರೊಂದು ಒಂಬತ್ತು ವರ್ಷದಿಂದ ಟಾರ್ಪಾಲಿನಡಿ ಮಲಗಿತ್ತು, ಎತ್ತಿಕೊಂಡು ಹೋದರೆ ಜಾಗವಾದರೂ ಖಾಲಿಯಾಗಲಿ ಎಂದು ಭಾವ ಕೊಟ್ಟುಬಿಟ್ಟ. ಊರಾಚೆ ಈಗ ಯಾವ ವಿಮಾನವೂ ಇಳಿಯದ ಒಂದು ರನ್‌ವೇ ಇತ್ತು. ವರ್ಷಕ್ಕೊಮ್ಮೆ ಹವ್ಯಾಸಿಗಳ ಸಂಘದವರು ಅಲ್ಲಿ ಹಳೇ ಕಾರುಗಳ ರೇಸು ನಡೆಸುತ್ತಿದ್ದರು. ಒಂದೇ ಒಂದು ಸಲ ಅದರಲ್ಲಿ ಓಡಿಸಬೇಕು, ಅಷ್ಟೇ ಅವನ ಆಸೆ. ಗೆಲ್ಲುವ ಮಾತನ್ನು ಅವನು ಎತ್ತಲೇ ಇಲ್ಲ. ಯಾಕೆ ಬೇಕಿತ್ತು ಇದೆಲ್ಲ ಎಂದು ಹೆಂಡತಿ ಕೇಳಿದಾಗ ಒಂದೇ ಮಾತು ಹೇಳಿದ್ದ.

“ಮೂವತ್ತು ವರ್ಷ ತಕ್ಕಡಿ ಮುಳ್ಳು ನಿಲ್ಲೋದನ್ನೇ ಕಾಯ್ತಾ ಕೂತೆ ಕಣೇ. ಒಂದು ಸಲ ಓಡೋದನ್ನ ನೋಡ್ಬೇಕು.”

ಆಸೆಗೆ ತೂಕವಿಲ್ಲ, ಅದರ ಖರ್ಚಿಗಿತ್ತು. ಮೊದಲ ವರ್ಷ ಎಂಜಿನ್ ಬಿಚ್ಚಿ ಕಟ್ಟಿಸುವಷ್ಟರಲ್ಲಿ ಅವನ ಸ್ಕೂಟರ್ ಮಾರಿಹೋಯಿತು, ಅಂಗಡಿಗೆ ನಡೆದು ಹೋಗುವುದು ಶುರುವಾಯಿತು. ಇಷ್ಟಾಗಿಯೂ ರೇಸಿನ ಹಿಂದಿನ ದಿನದ ತಪಾಸಣೆಯಲ್ಲಿ ಸಂಘದವರು ಸೀಟ್‌ಬೆಲ್ಟಿನ ಅವಧಿ ಮುಗಿದಿದೆ ಎಂದು ವಾಪಸು ಕಳಿಸಿದರು. ಬೆಲ್ಟು ಕವರಿನಿಂದ ಹೊರಗೇ ಬಂದಿರಲಿಲ್ಲ, ಆದರೆ ಅದರ ಮೇಲೆ ಹೊಲಿದಿದ್ದ ತಾರೀಖು ಎರಡು ತಿಂಗಳ ಹಿಂದಿನದು. ಎರಡನೆಯ ವರ್ಷ ಪಂಜರದ ಸರದಿ. ಕಾರು ಮಗುಚಿದರೆ ಛಾವಣಿ ತಲೆಮೇಲೆ ಕುಸಿಯದಂತೆ ಒಳಗೆ ಉಕ್ಕಿನ ಕೊಳವೆಗಳ ಪಂಜರ ಕೂರಿಸಬೇಕು. ವೆಲ್ಡರ್ ಹನ್ನೊಂದು ಭಾನುವಾರ ಕೂತು ಮಾಡಿದ ಪಂಜರದ ಕೊಳವೆ ನಿಯಮಕ್ಕಿಂತ ಅರ್ಧ ಮಿಲಿಮೀಟರ್ ತೆಳುವಾಗಿತ್ತು. ಎಲ್ಲ ಕತ್ತರಿಸಿ ಮತ್ತೆ ಮೊದಲಿನಿಂದ. ಅಡುಗೆಮನೆಯ ಸೋರುವ ಛಾವಣಿಗೆಂದು ಎತ್ತಿಟ್ಟಿದ್ದ ದುಡ್ಡು ಕಾರಿನ ಛಾವಣಿಗೆ ಹೋಯಿತು.

ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಮೊದಮೊದಲು ಬೈದಳು, ಆಮೇಲೆ ಹಾಸ್ಯ ಮಾಡಿದಳು. ಸವತಿ ಮನೆಗೆ ಬಂದರೂ ಇಷ್ಟು ತಿನ್ನುತ್ತಿರಲಿಲ್ಲ ಎಂದು ಗಿರಾಕಿಗಳ ಎದುರೇ ಅನ್ನುತ್ತಿದ್ದಳು. ಮೂರನೆಯ ವರ್ಷದ ಹೊತ್ತಿಗೆ ಅದನ್ನೂ ಬಿಟ್ಟಳು. ಅವನಿಗೆ ಅದೇ ಹೆಚ್ಚು ಭಾರವಾಯಿತು. ಅವನೂ ಸೊರಗಿದ್ದ. ಬೆಳಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಕಾರಿನ ಹತ್ತಿರ ಹೋಗುವಾಗ ಹುರುಪಿನ ಬದಲು, ಉಳಿದ ಕೆಲಸ ಒಂದಿದೆ, ಮುಗಿಸಬೇಕು ಎನ್ನುವ ಮುಖವಿರುತ್ತಿತ್ತು. ಬಿಡಬಹುದಿತ್ತಲ್ಲ ಎಂದರೆ, ಇಲ್ಲಿವರೆಗೆ ಹಾಕಿದ್ದು ನೀರಲ್ಲಿ ಹೋಮವಾಗುತ್ತದಲ್ಲ ಎನ್ನುತ್ತಿದ್ದ.

ಒಂದು ದಿನ ಊಟಕ್ಕೆ ಬಡಿಸುತ್ತಾ ಅವಳು ಹೇಳಿದಳು, “ಈ ವರ್ಷ ಆಗ್ಲಿಲ್ಲ ಅಂದ್ರೆ ಗುಜರಿಗೆ ಹಾಕ್ಬಿಡಿ. ನನಗೂ ಸಾಕಾಗಿದೆ, ನಿಮಗೂ ಸಾಕಾಗಿದೆ. ಮಾತು ಕೊಡಿ.”

ಅವನು ತುತ್ತು ನುಂಗಿ, “ಮಾತು,” ಎಂದ.

ಹಗುರಾದಷ್ಟೂ ಕಾರು ಚುರುಕು. ಹಾಗಾಗಿ ಬೇಡದ್ದನ್ನೆಲ್ಲ ಅವನು ಕಿತ್ತಿದ್ದ. ಕಿತ್ತ ಪ್ರತಿಯೊಂದನ್ನೂ ಅಂಗಡಿಯ ತಕ್ಕಡಿಯಲ್ಲಿ ತೂಗಿ ಚೀಟಿ ಅಂಟಿಸಿದ್ದ. ಬಾಗಿಲಿನ ಒಳಹೊದಿಕೆ, ಕಾಲಡಿಯ ಹಾಸು, ರೇಡಿಯೋ, ಬೂದಿ ತಟ್ಟೆ. ಸಂಘದ ನಿಯಮದಂತೆ ಆ ವರ್ಗದ ಕಾರು ಏಳುನೂರು ಕಿಲೋಗಿಂತ ಕಡಿಮೆ ಇರಕೂಡದು. ಕಾರಿನ ಜೊತೆ ಬಂದಿದ್ದ ಹಳೇ ಪುಸ್ತಕದಲ್ಲಿ ಏಳುನೂರ ಅರವತ್ತೈದು ಎಂದಿತ್ತು. ಕಿತ್ತದ್ದು ತೊಂಬತ್ತೈದು, ಪಂಜರ ಸೇರಿದ್ದು ಮೂವತ್ತನಾಲ್ಕು. ಉಳಿದದ್ದು ಏಳುನೂರ ನಾಲ್ಕು. ಲೆಕ್ಕ ಪಕ್ಕಾ.

ಕಾರು ಇಟ್ಟಿದ್ದ ಬಾಡಿಗೆ ಶೆಡ್ಡಿನ ಎದುರಿನ ರಸ್ತೆಯಲ್ಲೇ ಲಾರಿ ತೂಗುವ ಕಾಟಾ ಇತ್ತು, ಒಂದು ಸಲ ಹತ್ತಿಸಿ ನೋಡಬಾರದೇ ಎಂದು ವೆಲ್ಡರ್ ಹೇಳಿದ್ದ. ತಕ್ಕಡಿಯಣ್ಣ ನಕ್ಕುಬಿಟ್ಟ. ಆ ಕಾಟಾ ತೋರಿಸುವುದು ಹತ್ತತ್ತು ಕಿಲೋ ಲೆಕ್ಕದಲ್ಲಿ, ಅದಕ್ಕಿಂತ ಕಣ್ಣಳತೆ ವಾಸಿ, ಅಂಥ ತಕ್ಕಡಿಯನ್ನು ತಾನು ಕೈಯಿಂದಲೂ ಮುಟ್ಟುವವನಲ್ಲ ಎಂದ. ಯಾರ ತೂಕವನ್ನೂ ನಂಬದ ಮನುಷ್ಯ ಅಚ್ಚಾದ ಒಂದು ಅಂಕಿಯನ್ನು ನಂಬಿದ್ದು ಹೀಗೆ.

ರನ್‌ವೇಯಲ್ಲಿ ತಪಾಸಣೆಯ ದಿನ ಬೆಲ್ಟು ಸರಿಯಿತ್ತು, ಪಂಜರ ಸರಿಯಿತ್ತು, ಬೆಂಕಿ ಆರಿಸುವ ಸಿಲಿಂಡರ್ ಸರಿಯಿತ್ತು. ಕೊನೆಗೆ ಪೆಟ್ರೋಲ್ ಟ್ಯಾಂಕ್ ಪೂರಾ ಖಾಲಿ ಮಾಡಿಸಿ, ನಾಲ್ಕು ಚಕ್ರದಡಿ ನಾಲ್ಕು ತೂಕದ ಹಲಗೆ ಇಟ್ಟರು.

ಆರುನೂರ ಎಂಬತ್ತನಾಲ್ಕು.

ಅವನು ಒಪ್ಪಲಿಲ್ಲ. ಸೊನ್ನೆಗೆ ತಂದು ಮತ್ತೆ ತೂಗಿ ಎಂದ. ತೂಗಿದರು. ಹಲಗೆಗಳನ್ನು ಅದಲುಬದಲು ಮಾಡಿಸಿದ. ನೆಲದ ಮೇಲೆ ಕೈಯಾಡಿಸಿ ಮಟ್ಟ ನೋಡಿದ. ತಪಾಸಣೆಯ ಹೆಂಗಸು ತಾಳ್ಮೆಯವಳು, ಮೂರು ಸಲ ತೂಗಿಸಿದಳು. ಮೂರು ಸಲವೂ ಅದೇ. ಅವನು ಮಂಡಿಯೂರಿದ್ದಲ್ಲಿಂದ ಎದ್ದು, ಪ್ಯಾಂಟಿನ ಧೂಳು ಕೊಡವಿ, ಮೆಲ್ಲಗೆ, “ತಕ್ಕಡಿ ಸರಿಯಾಗಿದೆ,” ಎಂದ. ಪುಸ್ತಕದವರು ಟ್ಯಾಂಕ್ ತುಂಬಿಸಿ ತೂಗಿದ್ದರು ಎನ್ನುವುದು ಆಗ ಹೊಳೆಯಿತು. ಇಪ್ಪತ್ತು ಕಿಲೋ ಪೆಟ್ರೋಲ್.

ನಾಲ್ಕು ಗಂಟೆಗೆ ತಪಾಸಣೆ ಮುಗಿಯುತ್ತದೆ, ಅಷ್ಟರೊಳಗೆ ತೂಕ ತುಂಬಿಸಬಹುದು, ಆದರೆ ಕಬ್ಬಿಣ ತಂದು ಸುಮ್ಮನೆ ಇಟ್ಟರಾಗದು, ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯಬೇಕು ಎಂದಳು ಆ ಹೆಂಗಸು. ಕೊರೆಯುವ ಯಂತ್ರವಿಲ್ಲ, ಕಬ್ಬಿಣವಿಲ್ಲ. ಆಗಲೇ ಎರಡೂಕಾಲು. ಅವನು ಅಲ್ಲೇ ಇದ್ದ ಬಾಗಿಲಿಲ್ಲದ ಒಂದು ಶೆಡ್ಡಿನ ನೆರಳಲ್ಲಿ ಕೂತು ಹೆಂಡತಿಗೆ ಫೋನ್ ಮಾಡಿದ. ಬೇರೇನನ್ನೂ ಕೇಳುವುದಕ್ಕಲ್ಲ, ಕೊಟ್ಟ ಮಾತು ನೆನಪಿತ್ತು.

“ಗುಜರಿಯವನಿಗೆ ಹೇಳಿಬಿಡೇ. ತೂಕ ಕಮ್ಮಿ ಬಂತು.”

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. “ತೂಕ ಕಮ್ಮೀನಾ? ನಿಮ್ಮದಾ?” ಎಂದಳು. ಅದರಲ್ಲಿ ನಗುವಿರಲಿಲ್ಲ. ಆಮೇಲೆ, “ಎಷ್ಟು ಕಮ್ಮಿ?”

“ಹದಿನಾರು.”

“ಎಷ್ಟು ಗಂಟೆವರೆಗೆ ಇರ್ತಾರೆ ಅವರು?”

ನಾಲ್ಕು ಎಂದ. ಫೋನ್ ಇಟ್ಟಳು.

ಮೂರೂ ಮುಕ್ಕಾಲಿಗೆ ರನ್‌ವೇಯ ಆ ತುದಿಯಿಂದ ಒಂದು ಲಗೇಜ್ ಆಟೋ ಬಂತು. ಮುಂದೆ ಡ್ರೈವರ್ ಪಕ್ಕದಲ್ಲಿ ತಕ್ಕಡಿಯಣ್ಣನ ಪಕ್ಕದ ಮನೆಯ ಬಾಲ್ಯದ ಗೆಳೆಯ, ಒಬ್ಬ ಗ್ರಂಥಾಲಯದ ಗುಮಾಸ್ತ, ಸೋಫಾದ ಕಚ್ಚಿದ ಸ್ಕ್ರೂಗಳೊಂದಿಗೆ ಜಗಳವಾಡಿ ಅಂಗೈ ತರಚಿಕೊಂಡು ಕೂತಿದ್ದ. ಹಿಂದೆ ಸಾಮಾನು ಇಡುವ ಜಾಗದಲ್ಲಿ ಕಾರಿನ ಸೀಟು, ಸೀಟಿನ ಮೇಲೆ ಹೆಂಡತಿ. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು.

“ಹದಿನೇಳೂ ಚಿಲ್ಲರೆ ಅಂತ ನೀವೇ ಬರೆದು ಅಂಟಿಸಿದ್ರಲ್ಲ,” ಎಂದಳು. “ಮೂರು ವರ್ಷದಿಂದ ಕಸ ಗುಡಿಸುವಾಗೆಲ್ಲ ಓದ್ತಾ ಇದ್ದೀನಿ.”

ಸೀಟಿಗೆ ಕೊರೆಯುವುದೇನೂ ಬೇಕಿರಲಿಲ್ಲ, ಅದರ ಹಳೆಯ ಬೋಲ್ಟಿನ ತೂತುಗಳು ನೆಲದಲ್ಲಿ ಹಾಗೇ ಇದ್ದವು. ಕಾರಿನದೇ ಸೀಟು ಕಾರಿನದೇ ಜಾಗದಲ್ಲಿ ಕೂತರೆ ಅಡ್ಡಿಯಿಲ್ಲ ಎಂದಳು ತಪಾಸಣೆಯವಳು. ಆದರೆ ಒಳಗೆ ಉದುರುವ ವಸ್ತು ಏನೂ ಇರಕೂಡದೆಂದು ಸೀಟನ್ನು ಮಗುಚಿ ಕುಟ್ಟಿಸಿದಳು. ಸಂದಿಯಿಂದ ಗುಂಡಿಗಳು ಉದುರಿದವು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ, ಎರಡು ಸೂಜಿ, ಕಳೆದೇಹೋಯಿತೆಂದು ಹೆಂಡತಿ ಅವನ ಮೇಲೆ ಅನುಮಾನಪಟ್ಟಿದ್ದ ಸಣ್ಣ ಕತ್ತರಿ.

“ಅದೂ ತೂಕವೇ ಅಲ್ವೇನ್ರೀ? ಇರಲಿ ಬಿಡಿ ಅಂತ ಹೇಳಿ,” ಎಂದು ಗಂಡನ ಕಿವಿಯಲ್ಲಿ ಅಂದಳು. ಅವನು ನಗಲು ಹೋಗಿ ಮುಖ ಆಚೆ ತಿರುಗಿಸಿಕೊಂಡ.

ಏಳುನೂರ ಒಂದು.

ಮಾರನೆಯ ದಿನ ಏಳು ಸುತ್ತು ಓಡಿಸಿದ. ಹನ್ನೊಂದು ಕಾರುಗಳಲ್ಲಿ ಒಂಬತ್ತನೆಯವನಾದ. ಹೆಲ್ಮೆಟ್ ತೆಗೆದಾಗ ಅವನ ಕೂದಲು ಹಣೆಗೆ ಮೆತ್ತಿಕೊಂಡಿತ್ತು. ಹೆಂಡತಿ ನೀರಿನ ಬಾಟಲಿ ಕೊಟ್ಟು, ಸ್ಪೀಡಿನ ಮುಳ್ಳು ಎಲ್ಲಿವರೆಗೆ ಹೋಯಿತು ಎಂದು ಕೇಳಿದಳು.

“ನೋಡೋಕೆ ಪುರುಸೊತ್ತೇ ಆಗ್ಲಿಲ್ಲ ಕಣೇ,” ಎಂದ.

ಆಮೇಲೆ ಕಾರು ಬಾಡಿಗೆ ಶೆಡ್ಡಿಗೆ ಹೋಯಿತು, ಸೀಟು ಮನೆಗೆ ಬಂತು. ಮುಂದಿನ ವರ್ಷದ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ. ಎಂಟು ತಿಂಗಳ ಮೇಲೆ ಒಂದು ಬೆಳಗ್ಗೆ, ಅಂಗಡಿಯಲ್ಲಿ ಬಿಚ್ಚಿಟ್ಟ ತಕ್ಕಡಿಯ ಎದುರು ಕೂತಲ್ಲೇ ಅವನ ಜೀವ ಹೋಯಿತು. ಮುಳ್ಳು ನಿಲ್ಲುವುದನ್ನು ಕಾಯುತ್ತಿರಬೇಕು ಎಂದುಕೊಂಡು ಪಕ್ಕದ ಅಂಗಡಿಯವನು ಬಹಳ ಹೊತ್ತು ಮಾತಾಡಿಸಲಿಲ್ಲವಂತೆ.

ಶೆಡ್ಡಿನ ಬಾಡಿಗೆ ಕಟ್ಟುವವರಿರಲಿಲ್ಲ. ಕಾರು ಗುಜರಿಗೆ ಹೋಗಬೇಕಾಯಿತು. ಗುಜರಿಯವನು ಅದನ್ನು ಎದುರು ರಸ್ತೆಯ ಅದೇ ಲಾರಿ ಕಾಟಾದ ಮೇಲೆ ಹತ್ತಿಸಿದ. ಆರುನೂರ ಎಂಬತ್ತು ಎಂದು ತೋರಿಸಿತು. ಅವನು ಬರೆದುಕೊಳ್ಳಲು ಹೋದ. ಹೆಂಡತಿ ತಡೆದಳು.

“ಎಂಬತ್ತನಾಲ್ಕು,” ಎಂದಳು.

“ಕಾಟಾನೇ ತೋರಿಸ್ತಿದೆಯಲ್ಲ ಅಕ್ಕಾ. ನಮ್ಮ ತಕ್ಕಡಿಯಣ್ಣ ಇದ್ದ ಊರಲ್ಲಿ ಕಾಟಾ ತಪ್ಪುತ್ತಾ?”

“ಈ ಕಾಟಾನ ಅವರು ಕೈಯಿಂದಲೂ ಮುಟ್ಟಿಲ್ಲ,” ಎಂದಳು. “ಎಂಬತ್ತನಾಲ್ಕು ಅಂತ ಬರಿಯಪ್ಪ.”

ಅವನು ಅವಳ ಮುಖ ನೋಡಿದ. ಬರೆದುಕೊಂಡ.