ದ್ವೀಪಕ್ಕೆ ಹೊರಟ ಹನ್ನೊಂದು ಅಂಗಿಗಳು

ಟ್ಯೂನಿಸ್ ಪಟ್ಟಣದ ಗಂಡಸರ ಬಟ್ಟೆ ಅಂಗಡಿಯೊಂದರಲ್ಲಿ ಶಾದ್ಲಿ ಮೂವತ್ತೆಂಟು ವರ್ಷ ಗಿರಾಕಿಗಳ ಎದುರು ನಿಂತು ಕೆಲಸ ಮಾಡಿದ. ಮದುವಣಿಗರಿಗೆ ಕೋಟು ತೊಡಿಸಿದ, ಮೊದಲ ಸಂಬಳ ಕೈಗೆ ಬಂದ ಗುಮಾಸ್ತರಿಗೆ ಟೈ ಕಟ್ಟುವುದನ್ನು ಕಲಿಸಿದ. ಊರವರೆಲ್ಲ ಅವನನ್ನು ಹೆಸರಿನ ಮುಂದೆ ಮರ್ಯಾದೆಯ ‘ಸಿ’ ಸೇರಿಸಿ ‘ಸಿ ಶಾದ್ಲಿ’ ಎಂದು ಕರೆಯುತ್ತಿದ್ದರು. ‘ಸಿ’ ಎಲ್ಲರಿಗೂ ಸಿಗುತ್ತದೆ, ಆದರೆ ಇವನ ‘ಸಿ’ ಮಾತ್ರ ಬಟ್ಟೆಗಳು ದುಡಿದು ತಂದದ್ದು ಎಂದು ಬೆನ್ನ ಹಿಂದೆ ನಗುವವರೂ ಇದ್ದರು.

ಆ ವರ್ಷದ ವಸಂತದಲ್ಲಿ ಅವನು ಕೆಲಸದಿಂದ ನಿವೃತ್ತನಾದ. ಮರುದಿನವೂ ಏಳಕ್ಕೇ ಎದ್ದ, ಗಡ್ಡ ಬೋಳಿಸಿಕೊಂಡ, ಬೂದುಬಣ್ಣದ ಸೂಟು ತೊಟ್ಟ. ಬೀದಿಗಿಳಿದು ರೊಟ್ಟಿ ಕೊಂಡು ವಾಪಸು ಬಂದ. ಅಷ್ಟೇ. ಮೂರು ತಿಂಗಳು ಹೀಗೇ ಕಳೆಯಿತು. ಒಂದು ಕಟ್ಟು ಪುದೀನ ತರುವುದಕ್ಕೂ ಕೋಟು ತೊಡುವ ಗಂಡನನ್ನು ಕಂಡು ಹೆಂಡತಿ ಬೇಯಾ ಮೊದಮೊದಲು ನಕ್ಕಳು. ಆಮೇಲೊಂದು ಮಧ್ಯಾಹ್ನ ಅವನು ಬೀರುವಿನ ಬಾಗಿಲು ತೆರೆದು, ತೂಗಿಬಿಟ್ಟ ಕೋಟುಗಳ ತೋಳುಗಳನ್ನು ಒಂದೊಂದಾಗಿ ಮುಟ್ಟುತ್ತ ನಿಂತದ್ದನ್ನು ಕಂಡಳು. ಆ ದಿನ ಅವಳಿಗೆ ನಗು ಬರಲಿಲ್ಲ.

ಜುಲೈನಲ್ಲಿ ಬೇಯಾಳ ಅಕ್ಕ ದೂಜಾ ಕರ್ಕೆನ್ನಾ ದ್ವೀಪದಿಂದ ಕಾಗದ ಬರೆಸಿದಳು: ಅಂಜೂರ ಹಣ್ಣಾಗಿದೆ, ಗಾಳಿ ತಂಪಾಗಿದೆ, ಹತ್ತು ದಿನ ಇದ್ದು ಹೋಗಿ. ಕಾಗದ ಓದಿ ಮುಗಿಸುವ ಮೊದಲೇ ಶಾದ್ಲಿ ಅಟ್ಟದ ಮೇಲಿನ ಚರ್ಮದ ಪೆಟ್ಟಿಗೆಯನ್ನು ಕೆಳಗಿಳಿಸಿದ್ದ.

ಅವನು ಪೆಟ್ಟಿಗೆ ತುಂಬುವುದನ್ನು ನೋಡುವುದೇ ಒಂದು ಸೊಗಸು. ಕೋಟನ್ನು ಒಳಹೊರಗು ಮಾಡಿ, ಒಂದು ಹೆಗಲನ್ನು ಇನ್ನೊಂದರೊಳಗೆ ತೂರಿಸಿ ಮಡಚಿದ. ಮಡಿಕೆ ಮಡಿಕೆಗೂ ತೆಳು ಕಾಗದ ಇಟ್ಟ. ಕಾಲರು ಕುಗ್ಗದಂತೆ ಅದರೊಳಗೆ ಬೆಲ್ಟನ್ನು ಸುರುಳಿ ಮಾಡಿ ಕೂರಿಸಿದ. ಬೂಟಿನ ಹೊಟ್ಟೆಗೆ ಕಾಲುಚೀಲ ತುಂಬಿದ.

“ರೀ, ಅಲ್ಲಿ ಮಂತ್ರಿ ಮಗನ ಮದುವೆ ಏನಾದ್ರೂ ಇದ್ಯಾ?” ಎಂದಳು ಬೇಯಾ.

“ಇಲ್ಲ.”

“ಮತ್ತೆ ಹತ್ತು ದಿನಕ್ಕೆ ಹನ್ನೊಂದು ಅಂಗಿ ಯಾಕೆ?”

“ಒಂದರ ಮೇಲೆ ಕಾಫಿ ಚೆಲ್ಲಿದ್ರೆ?”

“ಆ ಬಿಳಿ ಬೂಟು ಯಾರಿಗೆ ತೋರ್ಸೋಕೆ, ಮೀನಿಗಾ?”

“ಮೀನಿಗೂ ಕಣ್ಣಿದೆಯಲ್ಲ ಬೇಯಾ. ಅದು ರೆಪ್ಪೆ ಕೂಡ ಮುಚ್ಚಲ್ಲ.” ಆಮೇಲೆ ತಲೆಯೆತ್ತದೆ ಸಣ್ಣ ದನಿಯಲ್ಲಿ ಹೇಳಿದ: “ಇಲ್ಲೇ ಬಿಟ್ರೆ ನುಸಿ ತಿನ್ನುತ್ತೆ. ಎಲ್ಲಾದ್ರೂ ಒಂದ್ಕಡೆ ಹಾಕ್ಕೋಬೇಕಲ್ಲ.”

ಪೆಟ್ಟಿಗೆ ಮುಚ್ಚದೆ ಹಟ ಹಿಡಿದಾಗ ಬೇಯಾ ತಾನೇ ಅದರ ಮೇಲೆ ಕುಳಿತಳು.

ಸ್ಫಾಕ್ಸ್‌ನಿಂದ ಹಡಗು ಹತ್ತಿ ಅವರು ದ್ವೀಪ ಸೇರಿದರು. ಅತ್ತಾಯಾ ಹಳ್ಳಿಯಲ್ಲಿ ದೂಜಾಳ ಮನೆ. ಸುಣ್ಣ ಬಳಿದ ಎರಡು ಕೋಣೆ, ಒಂದು ಅಂಗಳ. ಬೀರು ಇರಲಿಲ್ಲ. ಶಾದ್ಲಿ ಗೋಡೆಯಿಂದ ಗೋಡೆಗೆ ಬಲೆಯ ಹುರಿ ಬಿಗಿದು, ಬಿಳಿಯಿಂದ ಶುರುಮಾಡಿ ಕಡುನೀಲಿಯ ತನಕ ಅಂಗಿಗಳನ್ನು ಸಾಲಾಗಿ ತೂಗುಹಾಕಿದ.

“ನನ್ನ ಮನೇನ ಅಂಗಡಿ ಮಾಡ್ಬಿಟ್ಯಲ್ಲೋ ಶಾದ್ಲಿ,” ಎಂದು ದೂಜಾ ನಕ್ಕಳು. “ಇನ್ನು ಗಿರಾಕಿಗಳು ಬಂದ್ರೆ ಚಹಾ ಕಾಸೋದು ಯಾರು?”

ದಿನಾ ಸಂಜೆ ಐದಕ್ಕೆ ಅವನು ಬಂದರಿನ ಕಾಫಿ ಅಂಗಡಿಗೆ ಹೊರಡುತ್ತಿದ್ದ. ಮೊದಲ ದಿನ ಕೆನೆಬಣ್ಣದ ನಾರುಬಟ್ಟೆಯ ಸೂಟು, ಬಿಳಿ ಬೂಟು. ಬಲೆ ಸರಿಪಡಿಸುತ್ತಿದ್ದ ಮೀನುಗಾರರ ಕೈ ಹಾಗೇ ನಿಂತುಬಿಟ್ಟಿತು. ಎರಡನೆಯ ದಿನ ಆಕಾಶನೀಲಿ ಅಂಗಿ, ಕುತ್ತಿಗೆಗೆ ರೇಷ್ಮೆ ವಸ್ತ್ರ. ಮೂರನೆಯ ದಿನ ಅವನು ಹೋಗುವಷ್ಟರಲ್ಲಿ ಕುರ್ಚಿಗಳೆಲ್ಲ ದಾರಿಯ ಕಡೆಗೇ ತಿರುಗಿದ್ದವು. ಜನ ಎದ್ದು ಸಲಾಮು ಹೇಳಿದರು, ಜಾಗ ಬಿಟ್ಟುಕೊಟ್ಟರು. ಶಾದ್ಲಿಗೆ ಜೀವ ಹಗುರಾಯಿತು. ಮನೆಗೆ ಬಂದು, “ಒಳ್ಳೆ ಜನ, ಬಟ್ಟೆ ಬೆಲೆ ಗೊತ್ತಿರೋ ಜನ,” ಎಂದ.

ಐದನೆಯ ದಿನ ಅವನು ಸ್ವಲ್ಪ ಬೇಗ ಹೊರಟ. ಕಾಫಿ ಅಂಗಡಿಯ ಖರ್ಜೂರದ ಗರಿಯ ತಟ್ಟಿಯ ಹತ್ತಿರ ಬರುತ್ತಿದ್ದಂತೆ ಆಚೆಯಿಂದ ಮಾತು ಕೇಳಿಸಿತು.

“ಇವತ್ತು ಹಸಿರು. ಬರೆದಿಟ್ಕೊ, ಹಸಿರು.”

“ಪಟ್ಟೆ ಕಣೋ, ಪಟ್ಟೆ! ಸೋತ್ರೆ ಎಲ್ಲರ ಕಾಫೀನೂ ನಿಂದೇ.”

ಶಾದ್ಲಿ ತನ್ನ ಎದೆ ನೋಡಿಕೊಂಡ. ಪಟ್ಟೆ. ಒಳಗೆ ಕಾಲಿಟ್ಟದ್ದೇ ತಡ, ಒಬ್ಬ ಮೇಜು ಕುಟ್ಟಿ ಕೂಗಿದ, ಉಳಿದವರು ಹೋ ಎಂದರು. ಅವನು ಅರ್ಧ ಕಾಫಿ ಕುಡಿದು, ತಲೆತಗ್ಗಿಸಿ ಮನೆಗೆ ನಡೆದ.

ಮರುದಿನ ಹೊಸಿಲು ದಾಟಲಿಲ್ಲ. ಹಳೆಯ ನಿಲುವಂಗಿಯಲ್ಲೇ ನಿಂತು ಹುರಿಯಿಂದ ಅಂಗಿಗಳನ್ನು ಇಳಿಸತೊಡಗಿದ. ವಿಷಯ ತಿಳಿದ ಬೇಯಾ ಕೆಂಡವಾದಳು. “ನಾನು ನಗೋದು ಬೇರೆ, ನಾನು ಕಟ್ಕೊಂಡೋಳು. ಅವರ್ಯಾರು ನಗೋಕೆ? ಈಗ್ಲೇ ಹೋಗಿ ಕೇಳ್ತೀನಿ,” ಎಂದು ಚಪ್ಪಲಿ ಮೆಟ್ಟಿದಳು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಬಂದವನು ಖ್ಮೈಸ್. ಐವತ್ತೈದರ ಮೀನುಗಾರ, ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಒಂದು ಕೈಯಲ್ಲಿ ದಾರಕ್ಕೆ ಪೋಣಿಸಿದ ಮೀನು, ಇನ್ನೊಂದರಲ್ಲಿ ಟೋಪಿ.

“ಸಿ ಶಾದ್ಲಿ, ಯಾಕೆ ಬರ್ಲಿಲ್ಲ? ಎಲ್ಲಾ ಕಾಯ್ತಾ ಕೂತಿದೀವಿ.”

“ಬಾಜಿ ಕಟ್ಟೋಕೆ ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಿ.”

ಖ್ಮೈಸ್ ಮೀನನ್ನು ದೂಜಾಳ ಕೈಗೆ ಕೊಟ್ಟು ಅಂಗಳದಲ್ಲೇ ಕುಕ್ಕುರುಗಾಲಲ್ಲಿ ಕೂತ. “ಬಾಜಿ ಕಟ್ಟಿದ್ದು ನಿಜ. ಸುಳ್ಳು ಹೇಳಲ್ಲ. ನೋಡಿ, ಹುಟ್ಟಿದಾಗಿಂದ ನಮಗೆ ಇದೇ ಸಮುದ್ರ, ಇದೇ ಖರ್ಜೂರದ ಮರ. ಒಬ್ಬರ ಮುಖ ಒಬ್ಬರು ನೋಡಿ ಸಾಕಾಗಿದೆ. ನೀವು ಬಂದ್ಮೇಲೆ ಐದು ಗಂಟೆ ಯಾವಾಗಾಗುತ್ತೋ ಅಂತ ಬೇಗ ಬೇಗ ಬಲೆ ಎಳೀತಿದೀವಿ. ಆ ಸಾಸಿ ಇದಾನಲ್ಲ, ನಿನ್ನೆ ಬಾಜಿ ಗೆದ್ದೋನು? ಅವನ ಅಂಗೀಗೆ ನಾಲ್ಕು ವರ್ಷದಿಂದ ಮೇಲಿನ ಗುಂಡಿ ಇರ್ಲಿಲ್ಲ. ಮೊನ್ನೆ ತಾನೇ ಹೊಲ್ಕೊಂಡು ಬಂದ. ಯಾರಿಗೋಸ್ಕರ ಅಂದ್ಕೊಂಡ್ರಿ?”

ಅಂಗಿ ಇಳಿಸುತ್ತಿದ್ದ ಶಾದ್ಲಿಯ ಕೈ ನಿಂತಿತು. ಬೇಯಾ ಚಪ್ಪಲಿ ಬಿಚ್ಚಿದಳು.

ಖ್ಮೈಸ್ ಏಳಲಿಲ್ಲ. ಟೋಪಿಯನ್ನು ತಿರುವುತ್ತ ಕೂತ. ಕೊನೆಗೆ ಗಂಟಲು ಸರಿಮಾಡಿಕೊಂಡು, ಕ್ರಾತೆನ್ ಹಳ್ಳಿಯಲ್ಲಿ ಶೆಲ್ಬಿಯಾ ಎಂಬ ವಿಧವೆ ಇದ್ದಾಳೆ, ಮೀನಿನ ಬುಟ್ಟಿ ಹೆಣೆಯುತ್ತಾಳೆ, ಅವಳನ್ನು ಮದುವೆಗೆ ಕೇಳಬೇಕೆಂದು ಒಂದು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ ಎಂದ. “ಅದಕ್ಕೆ... ಮೊದಲ ದಿನ ಹಾಕಿದ್ರಲ್ಲ, ಆ ಕೆನೆಬಣ್ಣದ್ದು. ಒಂದೇ ದಿನಕ್ಕೆ.”

ಶಾದ್ಲಿಯ ಮೈಗೆ ಮೂವತ್ತೆಂಟು ವರ್ಷದ ಕಸುಬು ಮರಳಿ ಬಂತು. ಖ್ಮೈಸ್‌ನನ್ನು ಬೆಳಕಿಗೆ ನಿಲ್ಲಿಸಿ ಕೋಟು ತೊಡಿಸಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಹಗ್ಗ ಎಳೆದೆಳೆದು ದಪ್ಪಗಾದ ಆ ಕುತ್ತಿಗೆ, ಬಿಸಿಲಿಗೆ ಸುಟ್ಟ ಆ ಮಣಿಕಟ್ಟು ಕೋಟಿನಿಂದ ಹೊರಗೆ ಬಂದು ಪರದೇಶಿಗಳಂತೆ ನಿಂತಿದ್ದವು. ಅಂಗಡಿಯಲ್ಲಿದ್ದಾಗಲೂ ಅವನು ಒಪ್ಪದ ಬಟ್ಟೆಯನ್ನು ಮಾರಿದವನಲ್ಲ. ಅದಕ್ಕಾಗಿ ಯಜಮಾನನಿಂದ ಬೈಸಿಕೊಂಡದ್ದೂ ಉಂಟು.

“ಬಿಚ್ಚು,” ಎಂದ.

ಖ್ಮೈಸ್‌ನ ಮುಖ ಬಾಡಿತು. “ಕೊಡೋಕೆ ಮನಸ್ಸಿಲ್ಲ ಅಂದ್ರೆ ಬೇಡ ಬಿಡಿ.”

“ಹಾಗಲ್ಲಪ್ಪ. ಕೋಟು ಚೆನ್ನಾಗಿದೆ. ನೀನೂ ಚೆನ್ನಾಗಿದೀಯ. ಇಬ್ಬರೂ ಒಟ್ಟಿಗೆ ಚೆನ್ನಾಗಿಲ್ಲ. ನಿನ್ನ ಹತ್ರ ಏನಿದೆ?”

“ಏನಿದೆ, ನೀಲಿ ದೆಂಗ್ರಿ. ದುಡಿಯೋರೆಲ್ಲ ಹಾಕೋ ಅದೇ ಮೇಲಂಗಿ.”

“ಅದನ್ನೇ ತಾ. ಆಕೆ ನಿನ್ನನ್ನ ನೀಲೀಲೇ ನೋಡಿರೋದು. ಬೇರೆ ಯಾರನ್ನೋ ಕಳಿಸಿದ್ರೆ ಅವಳು ಹೂಂ ಅನ್ನೋದು ಯಾರಿಗೆ?”

ಮೇಲಂಗಿ ಬಂತು; ಡಾಂಬರು, ಮೀನು, ತಂಬಾಕು ಮೂರೂ ನಾರುತ್ತಿತ್ತು. ಅಕ್ಕತಂಗಿಯರು ಮರುದಿನವೆಲ್ಲ ಎರಡೆರಡು ಸಲ ಒಗೆದು ಒಣಹಾಕಿದರು. ಶಾದ್ಲಿ ದೂಜಾಳ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಕಾಯಿಸಿ, ಒದ್ದೆ ಬಟ್ಟೆ ಹಾಸಿ, ತೋಳಿನ ಗೆರೆ ನೂಲು ಹಿಡಿದಂತೆ ಎದ್ದು ಕಾಣುವ ತನಕ ಉಜ್ಜಿದ. ತೊಳೆದು ತೊಳೆದು ಆ ನೀಲಿ ಮುಂಜಾನೆಯ ಸಮುದ್ರದಷ್ಟು ತಿಳಿಯಾಗಿತ್ತು. ಗುಂಡಿಗಳು ಮಾತ್ರ ಒಡೆದಿದ್ದವು. ಹನ್ನೊಂದನೆಯ ಅಂಗಿಯಿಂದ ಕಪ್ಪೆಚಿಪ್ಪಿನ ಗುಂಡಿಗಳನ್ನು ಕತ್ತರಿಸಿ ತಾನೇ ಹೊಲಿದ. ಬೇಯಾ ನೋಡಿದಳು, ಸೂಜಿಗೆ ದಾರ ಪೋಣಿಸಿಕೊಟ್ಟಳು.

ಎಂಟನೆಯ ದಿನ ಖ್ಮೈಸ್ ಅಲ್ಲಿನ ಗಂಡಸರ ರೂಢಿಯಂತೆ ಕಿವಿಯ ಮೇಲೆ ಮಲ್ಲಿಗೆ ಸಿಕ್ಕಿಸಿಕೊಂಡು ಹೊರಟ. ಕಾಫಿ ಅಂಗಡಿಯವರೆಲ್ಲ ಬೀದಿಗೆ ಬಂದರು. ಶಾದ್ಲಿ ಹಸಿರು ಅಂಗಿ ತೊಟ್ಟು ಅವರ ನಡುವೆ ನಿಂತಿದ್ದ. ಅವನತ್ತ ಯಾರೊಬ್ಬರೂ ನೋಡಲಿಲ್ಲ. ಅವನಿಗೂ ಅದು ಬೇಕಿರಲಿಲ್ಲ. ಅವನ ಕಣ್ಣೆಲ್ಲ ದೂರ ಹೋಗುತ್ತಿದ್ದ ನೀಲಿ ಬೆನ್ನಿನ ಮೇಲೆ.

ಎರಡು ಗಂಟೆಯಲ್ಲಿ ಖ್ಮೈಸ್ ವಾಪಸು ಬಂದ.

“ಏನಂದ್ಳು?” ಎಂದರು ಎಲ್ಲರೂ.

“ಇಸ್ತ್ರಿ ಹಾಕಿದ್ದು ಯಾರು ಅಂದ್ಳು. ಒಂಟಿ ಗಂಡಸಿನ ತೋಳಲ್ಲಿ ಇಷ್ಟು ನೆಟ್ಟಗೆ ಗೆರೆ ಇದ್ರೆ ಮನೇಲಿ ಯಾವಳೋ ಇದಾಳೆ ಅಂತ ರೇಗಿದ್ಳು. ಸಿ ಶಾದ್ಲಿ ಅಂದ್ರೆ ನಂಬ್ತಿಲ್ಲ. ನಾಳೆ ಆ ಗಂಡಸನ್ನ ಕರ್ಕೊಂಡು ಬಾ ಅಂದಿದಾಳೆ.”

ಮರುದಿನ ಇಬ್ಬರೂ ದೋಣಿಯಲ್ಲಿ ಹೋದರು. ಕ್ರಾತೆನ್ ಹತ್ತಿರ ಸಮುದ್ರ ಮೊಣಕಾಲುದ್ದ. ದೋಣಿ ದಡ ಮುಟ್ಟುವುದಿಲ್ಲ. ಶಾದ್ಲಿ ಬೂಟು ಬಿಚ್ಚಿ, ಪ್ಯಾಂಟನ್ನು ಮೇಲಕ್ಕೆ ಮಡಚಿ, ಅಲ್ಲಾನ ಹೆಸರು ಹೇಳಿ ನೀರಿಗಿಳಿದ. ಬೆಚ್ಚನೆಯ ಮರಳು ಬೆರಳುಗಳ ನಡುವೆ ಜಾರಿತು. ನಾಲ್ಕು ಹೆಜ್ಜೆ ಹೋದವನು ಅರೆಕ್ಷಣ ನಿಂತು ಕಾಲು ನೋಡಿಕೊಂಡು ನಕ್ಕ.

ಶೆಲ್ಬಿಯಾ ಬುಟ್ಟಿ ಹೆಣೆಯುತ್ತ ಬಾಗಿಲಲ್ಲೇ ಕೂತಿದ್ದಳು. ಬಂದವನನ್ನು ಮೇಲಿಂದ ಕೆಳತನಕ ನೋಡಿ, ಮುದ್ದೆಯಾದ ಅಂಗಿಯೊಂದನ್ನು ಅವನತ್ತ ಎಸೆದಳು. “ಮಡಚು ನೋಡೋಣ.”

ಶಾದ್ಲಿ ಅದನ್ನು ಮೊಣಕಾಲ ಮೇಲೆ ಹರಡಿ, ಒಮ್ಮೆ ಸವರಿ, ಎರಡು ಸಲ ತಿರುವಿ, ಅಂಗಡಿಯ ಕಪಾಟಿನಿಂದ ಆಗತಾನೇ ತೆಗೆದಂತೆ ಅವಳ ಮುಂದಿಟ್ಟ. ಶೆಲ್ಬಿಯಾ ಅದನ್ನು ಎತ್ತಿ ನೋಡಿದಳು, ಖ್ಮೈಸ್‌ನನ್ನು ನೋಡಿದಳು, ಜೋರಾಗಿ ನಕ್ಕುಬಿಟ್ಟಳು.

“ಸರಿ ಖ್ಮೈಸ್. ಇನ್ಮೇಲೆ ನಿನ್ನ ಅಂಗೀನ ನೀನೇ ಹೀಗೆ ಮಡಚೋದಾದ್ರೆ, ಆಲಿವ್ ಕೊಯ್ಲು ಮುಗಿದ್ಮೇಲೆ ಬಾ.”

ಅಕ್ಟೋಬರಿನಲ್ಲಿ ದೂಜಾಳ ಕಾಗದ ಟ್ಯೂನಿಸ್‌ಗೆ ಬಂತು. ಕೊಯ್ಲಿನ ನಂತರ ನಡೆಯುವ ಮದುವೆಗೆ ದಿನ ಗೊತ್ತಾಗಿದೆ, ಏನು ತೊಡಬೇಕೆಂದು ಖ್ಮೈಸ್ ಕೇಳಿದ್ದಾನೆ. ಶಾದ್ಲಿ ಕನ್ನಡಕ ಹಾಕಿ ಉತ್ತರ ಬರೆಯಲು ಮೇಜಿಗೆ ಕೂತ. ರೊಟ್ಟಿ ತರುವುದೂ ಮರೆತುಹೋಯಿತು. ಬೇಯಾ ಬಂದು ಅವನ ಹೆಗಲ ಮೇಲಿಂದ ಇಣುಕಿದಳು.

“ಇದೇನ್ರೀ, ಆಗ್ಲೇ ನಾಲ್ಕು ಪುಟ?”

“ತಡಿ, ಈಗಿನ್ನೂ ಕಾಲುಚೀಲಕ್ಕೆ ಬಂದಿದೀನಿ,” ಎಂದ ಶಾದ್ಲಿ, ತಲೆಯೆತ್ತದೆ.